ಬೇಕಿದ್ದೂ ನಾಲ್ಕು, ಉಳಿದಿದ್ದೂ ನಾಲ್ಕು: ನಾವಿಕ್ ಗಡಿಯಾರಗಳ ಲೆಕ್ಕ

ಇಂದಿರಾನಗರದ 12ನೇ ಮೇನ್‌ನಲ್ಲಿ ಸಂಜೆ ಹೊತ್ತು ಒಂದು ಸುತ್ತು ಹಾಕಿ. ಡೆಲಿವರಿ ಬೈಕು, ಆಟೊ, ಕ್ಯಾಬು, ಎಲ್ಲರ ಕಣ್ಣೂ ಮೊಬೈಲ್‌ನಲ್ಲಿರೋ ಒಂದು ಚುಕ್ಕೆಯ ಮೇಲೆ. ಯಾರಿಗೆ ಆರ್ಡರ್ ಸಿಗಬೇಕು, ಎಷ್ಟು ಕಿಲೋಮೀಟರಿಗೆ ಎಷ್ಟು ದುಡ್ಡು ಅನ್ನೋದೆಲ್ಲ ಆ ಚುಕ್ಕೆ ಎಲ್ಲಿ ಕೂತಿದೆ ಅನ್ನೋದರ ಮೇಲೆ ನಿಂತಿದೆ. ಚುಕ್ಕೆಯನ್ನು ಕೂರಿಸೋದು ನಕ್ಷೆ ಅಂದುಕೊಂಡಿರ್ತೀವಿ. ನಿಜವಾಗಿ ಕೂರಿಸೋದು ಗಡಿಯಾರ.

ಉಪಗ್ರಹ ತನ್ನ ಗಡಿಯಾರದ ಸಮಯವನ್ನು ರೇಡಿಯೋ ಅಲೆಯಲ್ಲಿ ಕಳಿಸುತ್ತಲೇ ಇರುತ್ತದೆ. ಅಲೆ ಹೊರಟಿದ್ದು ಯಾವಾಗ, ತಲುಪಿದ್ದು ಯಾವಾಗ ಅಂತ ಫೋನ್ ನೋಡುತ್ತದೆ. ಆ ವ್ಯತ್ಯಾಸವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಕ್ಕಿತು. ತೊಂದರೆ ಏನಂದ್ರೆ, ಬೆಳಕು ಒಂದು ನ್ಯಾನೋಸೆಕೆಂಡಿಗೆ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ, ಸುಮಾರು 30 ಸೆಂ.ಮೀ. ಓಡುತ್ತದೆ. ಒಂದು ಮೈಕ್ರೋಸೆಕೆಂಡ್ ತಪ್ಪಿದರೆ 300 ಮೀಟರ್. ಒಂದು ಮಿಲಿಸೆಕೆಂಡ್ ತಪ್ಪಿದರೆ 300 ಕಿ.ಮೀ., ಹೆಚ್ಚುಕಮ್ಮಿ ಇಲ್ಲಿಂದ ಚೆನ್ನೈ.

ಉಪಗ್ರಹದಲ್ಲಿರೋದು ಪರಮಾಣು ಗಡಿಯಾರ. ನಮ್ಮ ಫೋನಿನಲ್ಲಿರೋದು ಅಗ್ಗದ ಸ್ಫಟಿಕದ ಗಡಿಯಾರ, ಅದು ಬಿಸಿಲಿಗೂ ಹೆಜ್ಜೆ ತಪ್ಪುತ್ತೆ. ಆದರೂ ಫೋನ್ ಕೆಲಸ ಮಾಡುತ್ತಲ್ಲ, ಹೇಗೆ? ಫೋನಿನ ಗಡಿಯಾರದ ತಪ್ಪು ಎಲ್ಲ ಉಪಗ್ರಹಗಳ ಅಳತೆಯಲ್ಲೂ ಒಂದೇ ಪ್ರಮಾಣದಲ್ಲಿ ಸೇರಿಕೊಂಡಿರುತ್ತದೆ. ಹಾಗಾಗಿ ಅದನ್ನೂ ಒಂದು ಅಜ್ಞಾತ ಸಂಖ್ಯೆ ಅಂತ ಇಟ್ಟುಕೊಂಡು ಲೆಕ್ಕ ಮಾಡಬಹುದು. ಅಕ್ಷಾಂಶ, ರೇಖಾಂಶ, ಎತ್ತರ, ಜೊತೆಗೆ ಫೋನ್ ಗಡಿಯಾರದ ತಪ್ಪು: ನಾಲ್ಕು ಅಜ್ಞಾತಗಳು, ನಾಲ್ಕು ಸಮೀಕರಣಗಳು. ಅದಕ್ಕೇ ಕನಿಷ್ಠ ನಾಲ್ಕು ಉಪಗ್ರಹ ಬೇಕು.

ಆದರೆ ಉಪಗ್ರಹಗಳ ಗಡಿಯಾರಗಳು ತಪ್ಪೋದು ಒಂದೊಂದೂ ಒಂದೊಂದು ಥರ. ಇದನ್ನು ಫೋನ್ ತಾನೇ ಕಂಡುಹಿಡಿಯಲಾರದು. ಆ ಕೆಲಸ ನೆಲದ ಮೇಲೆ ನಡೆಯುತ್ತದೆ. ತನ್ನ ಜಾಗ ಕರಾರುವಾಕ್ಕಾಗಿ ಗೊತ್ತಿರುವ ಕೇಂದ್ರದಲ್ಲಿ ಉಪಗ್ರಹದ ಸಂಕೇತ ಹಿಡಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ದೂರ ಎಷ್ಟಿರಬೇಕು ಅಂತ ಮೊದಲೇ ಗೊತ್ತು. ಅಳತೆ ಅದಕ್ಕೆ ಹೊಂದದಿದ್ದರೆ, ಕಕ್ಷೆ ಮತ್ತು ವಾತಾವರಣದ ಪಾಲನ್ನು ಕಳೆದು ಉಳಿದದ್ದು ಗಡಿಯಾರದ ತಪ್ಪು. ಇಂಥ ಹಲವು ಕೇಂದ್ರಗಳ ಅಳತೆ ಸೇರಿಸಿ, ಪ್ರತಿ ಉಪಗ್ರಹದ ಗಡಿಯಾರ ಈಗ ಎಷ್ಟು ತಪ್ಪಿದೆ, ಯಾವ ವೇಗದಲ್ಲಿ ತಪ್ಪುತ್ತಾ ಹೋಗುತ್ತಿದೆ ಅಂತ ಅಂದಾಜು ಮಾಡಿ ಉಪಗ್ರಹಕ್ಕೇ ಕಳಿಸುತ್ತಾರೆ. ಉಪಗ್ರಹ ಅದನ್ನು ಫೋನಿಗೆ ದಾಟಿಸುತ್ತದೆ: 'ನನ್ನ ಸಮಯ ಇಷ್ಟು ತಪ್ಪಿದೆ, ತಿದ್ದಿಕೊಳ್ಳಿ.'

ನಮ್ಮ ದೇಶದ ವ್ಯವಸ್ಥೆ ನಾವಿಕ್‌ಗೆ ಈ ಕೆಲಸದ ಮುಖ್ಯ ಜಾಗ ಬೆಂಗಳೂರಿನಿಂದ ಸುಮಾರು 40 ಕಿ.ಮೀ. ಆಚೆ ಬ್ಯಾಲಾಳುವಿನಲ್ಲಿದೆ. ಇಸ್ರೋದ ನ್ಯಾವಿಗೇಶನ್ ಕೇಂದ್ರ ಅಲ್ಲಿ 2013ರಲ್ಲಿ ಉದ್ಘಾಟನೆಯಾಯಿತು. ಉಪಗ್ರಹಗಳನ್ನು ರೂಪಿಸುವ ಯು.ಆರ್. ರಾವ್ ಉಪಗ್ರಹ ಕೇಂದ್ರ ಇನ್ನೂ ಹತ್ತಿರ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ದೊಮ್ಮಲೂರಿನ ಕಡೆ ಹೋಗಿ, ಎಡಕ್ಕೆ ತಿರುಗಿ ಹಳೇ ಏರ್‌ಪೋರ್ಟ್ ರಸ್ತೆ ಹಿಡಿದರೆ ಸಾಕು.

ಮನೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿದ್ದರೂ ಯಾರಿಗೂ ಬಸ್ ತಪ್ಪಲ್ಲ, ಹತ್ತು ನಿಮಿಷ ಕಳೆದು ಓದಿಕೊಳ್ತೀವಿ. ಒಂದು ದಿನ ಹತ್ತು, ಇನ್ನೊಂದು ದಿನ ಮೂರು ಅಂತಾದರೆ ಅದನ್ನು ಗೋಡೆಯಿಂದ ಇಳಿಸಲೇಬೇಕು. ಉಪಗ್ರಹದಲ್ಲೂ ಹೀಗೇ. ಗಡಿಯಾರ ತಪ್ಪಿದರೆ ತಿದ್ದಬಹುದು. ಹೇಗೆ ತಪ್ಪುತ್ತೆ ಅಂತ ಊಹಿಸೋಕೇ ಆಗದಿದ್ದರೆ, ಅಥವಾ ಗಡಿಯಾರವೇ ನಿಂತುಹೋದರೆ, ಬ್ಯಾಲಾಳುವಿನ ಯಾವ ಲೆಕ್ಕವೂ ಕೈಹಿಡಿಯಲ್ಲ.

ನಾವಿಕ್‌ಗೆ ಆಗಿದ್ದು ಇದೇ. ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ ಹಾರಿದ್ದು 2013ರ ಜುಲೈ 1ರಂದು. ಅದರಲ್ಲಿದ್ದ, ವಿದೇಶದಿಂದ ತಂದ ಮೂರೂ ರುಬಿಡಿಯಂ ಗಡಿಯಾರಗಳು ಕೆಟ್ಟಿವೆ ಅಂತ 2017ರ ಆರಂಭದಲ್ಲಿ ಗೊತ್ತಾಯಿತು. ಯುರೋಪಿನ ಗೆಲಿಲಿಯೋ ಉಪಗ್ರಹಗಳ ಗಡಿಯಾರಗಳಿಗೂ ಆಗ ಇಂಥದ್ದೇ ಕಾಯಿಲೆ. 1ಎ ಬದಲಿಗೆ 2017ರ ಆಗಸ್ಟ್ 31ರಂದು ಕಳಿಸಿದ ಉಪಗ್ರಹ ರಾಕೆಟ್‌ನ ಶಾಖಕವಚ ಬೇರ್ಪಡದೆ ವ್ಯರ್ಥವಾಯಿತು. 2023ರ ಮೇ 29ರಂದು ಎನ್‌ವಿಎಸ್-01 ಮೊದಲ ಬಾರಿಗೆ ದೇಶೀ ಪರಮಾಣು ಗಡಿಯಾರ ಹೊತ್ತು ಹೋಯಿತು. ಇದು ನಿಜವಾದ ಸಾಧನೆ. 2025ರ ಜನವರಿ 29ರಂದು ಹಾರಿದ ಎನ್‌ವಿಎಸ್-02 ಮಾತ್ರ, ಒಂದು ವಾಲ್ವ್ ತೆರೆಯದೆ, ತನ್ನ ಕಕ್ಷೆ ಸೇರಲಿಲ್ಲ.

2025ರ ಜುಲೈನಲ್ಲಿ ಸಂಸತ್ತಿಗೆ ಸರ್ಕಾರ ಕೊಟ್ಟ ಲೆಕ್ಕ ಹೀಗಿದೆ: ಹಾರಿಸಿದ್ದು 11. ಸ್ಥಾನ ಮತ್ತು ಸಮಯದ ಸೇವೆ ಆಗ ಕೊಡ್ತಿದ್ದದ್ದು 4. ಸಂದೇಶ ಬಿತ್ತರಿಸಲು ಮಾತ್ರ ಬಳಕೆಯಾಗ್ತಿದ್ದದ್ದು 4. ನಿವೃತ್ತಿಯಾಗಿದ್ದು 1, ಉದ್ದೇಶಿತ ಕಕ್ಷೆ ಸೇರದ್ದು 2. ಎಂಜಿನಿಯರಿಂಗ್ ಓದುವಾಗ 'ನಾಲ್ಕು ಅಜ್ಞಾತ, ನಾಲ್ಕು ಉಪಗ್ರಹ' ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೆ. ಸರ್ಕಾರದ ಉತ್ತರದಲ್ಲಿ ಅದೇ ನಾಲ್ಕನ್ನು ಓದಿದಾಗ ಖುಷಿಯಾಗಲಿಲ್ಲ. ನಾಲ್ಕೇ ಇದ್ದಾಗ ಒಂದು ತಪ್ಪು ಹೇಳಿದರೆ ಹಿಡಿಯೋಕೆ ಐದನೇ ಸಾಕ್ಷಿ ಇರಲ್ಲ. ಒಂದು ನಿಂತರೆ ಲೆಕ್ಕವೇ ನಿಲ್ಲುತ್ತೆ.

12ನೇ ಮೇನ್‌ನಲ್ಲಿ ನಿಂತ ಹುಡುಗನಿಗೆ ಇದು ತಿಳಿಯೋದೇ ಇಲ್ಲ. ಅವನ ಫೋನ್ ಜಿಪಿಎಸ್, ಗೆಲಿಲಿಯೋ ಎಲ್ಲವನ್ನೂ ಬಳಸುತ್ತೆ. ಸಿಎಂಎಚ್ ರಸ್ತೆಯ ಮೆಟ್ರೋ ಸೇತುವೆಯ ಪಕ್ಕ ಚುಕ್ಕೆ ಓಲಾಡೋದಕ್ಕೂ ಸಾಮಾನ್ಯವಾಗಿ ಕಾರಣ ಕಾಂಕ್ರೀಟಿಗೆ ಬಡಿದು ಬರುವ ಅಲೆಗಳು, ಉಪಗ್ರಹದ ಗಡಿಯಾರ ಅಲ್ಲ. ಹಾಗಾದರೆ ನಮಗೇಕೆ ಚಿಂತೆ ಅಂತೀರಾ? ಜಿಪಿಎಸ್ ಅಮೆರಿಕದ ಸೇನೆಯ ಸ್ವತ್ತು. 2000ದ ಮೇ ತಿಂಗಳವರೆಗೂ ಅವರು ನಾಗರಿಕರಿಗೆ ಕೊಡುವ ಸಂಕೇತದಲ್ಲಿ ಬೇಕಂತಲೇ ತಪ್ಪು ಸೇರಿಸುತ್ತಿದ್ದರು. ಅಲುಗಾಡಿಸುತ್ತಿದ್ದದ್ದು ಏನನ್ನು ಗೊತ್ತಾ? ಉಪಗ್ರಹದ ಗಡಿಯಾರದ ಸಮಯವನ್ನು. ಅಷ್ಟಕ್ಕೇ ಸ್ಥಾನ 100 ಮೀಟರ್‌ವರೆಗೂ ತಪ್ಪುತ್ತಿತ್ತು. ಗಡಿಯಾರ ಯಾರ ಕೈಲಿದೆಯೋ ನಕ್ಷೆಯೂ ಅವರ ಕೈಲಿ.

ಸ್ವಂತ ಗಡಿಯಾರ ಬೇಕು ಅನ್ನೋದಕ್ಕೆ ಇದಕ್ಕಿಂತ ಕಾರಣ ಬೇಡ. ಆದರೆ 'ನಮ್ಮದೇ ಜಿಪಿಎಸ್' ಅಂತ ಎದೆ ತಟ್ಟಿಕೊಂಡರೆ ನಿಂತ ಗಡಿಯಾರ ನಡೆಯಲ್ಲ. ಉಡಾವಣೆಯ ದಿನ ಟಿವಿ ತುಂಬ ಚಪ್ಪಾಳೆ. ಆಮೇಲೆ ವರ್ಷಗಟ್ಟಲೆ ಕೂತು ಗಡಿಯಾರ ತಿದ್ದುವವರ ಸುದ್ದಿ ಯಾರಿಗೂ ಬೇಡ. ಜಿಪಿಎಸ್‌ನ ಯಾವ ಉಪಗ್ರಹ ಯಾವಾಗ ಸೇವೆಯಲ್ಲಿಲ್ಲ ಅನ್ನೋ ಪ್ರಕಟಣೆಯನ್ನು ಜಗತ್ತಿನಲ್ಲಿ ಯಾರು ಬೇಕಾದರೂ ಓದಬಹುದು. ನಾವಿಕ್‌ನ ಒಂದೊಂದು ಗಡಿಯಾರದ ಆರೋಗ್ಯವೂ ಸಂಸದರು ಪ್ರಶ್ನೆ ಕೇಳೋವರೆಗೆ ಕಾಯದೆ, ಅಷ್ಟೇ ಸರಳವಾಗಿ, ಕನ್ನಡದಲ್ಲೂ ನಮಗೆ ಸಿಗಬೇಕು. ದುಡ್ಡು ನಮ್ಮದು, ಆ ಚುಕ್ಕೆ ನಂಬಿ ಹೊಟ್ಟೆ ಹೊರೆಯೋರೂ ನಮ್ಮವರು. ಐದನೆಯದು ಯಾವಾಗ ಅಂತ ಕೇಳೋಕೆ ಇಷ್ಟು ಸಾಕಲ್ವಾ?