ತೊಗಟೆ ಬಿರುಕು ಬಿಟ್ಟ ಮರವೆಲ್ಲ ರಕ್ತಚಂದನವಲ್ಲ

ಒಂದು ಸಿನಿಮಾ ಒಂದು ಮರಕ್ಕೆ ಎಷ್ಟು ಪ್ರಚಾರ ಕೊಡಬಹುದು? ‘ಪುಷ್ಪ’ ನೋಡಿದವರನ್ನು ಕೇಳಿ. 2021ರ ಡಿಸೆಂಬರ್‌ನಲ್ಲಿ ಅದು ತೆರೆಗೆ ಬಂದ ಮೇಲೆ ಹಳ್ಳಿಗಳಲ್ಲಿ ಯಾವ ಮರದ ತೊಗಟೆ ಕಪ್ಪಗೆ, ಚೌಕಚೌಕವಾಗಿ ಬಿರಿದಿದ್ದರೂ ಅದು ರಕ್ತಚಂದನ ಇರಬಹುದೇ ಎಂದು ಕಣ್ಣು ಕಿರಿದು ಮಾಡಿ ನೋಡುವವರು ಹೆಚ್ಚಿದ್ದಾರೆ. 2024ರಲ್ಲಿ ಎರಡನೇ ಭಾಗ ಬಂದಾಗ ಮಾಗಡಿ ಕಡೆಯ ನಮ್ಮ ಹೊಲದ ಬದುವಿನಲ್ಲಿರುವ ಮರಕ್ಕೂ ಆ ಯೋಗ ಬಂತು.

ನಾವಿರುವ ಕಾಮಾಕ್ಷಿಪಾಳ್ಯದಲ್ಲಿ ಮರ ಗುರುತಿಸುವ ತಲೆನೋವೇ ಇಲ್ಲ. ಲೇತ್ ವರ್ಕ್‌ಶಾಪು, ಪೌಡರ್ ಕೋಟಿಂಗ್ ಶೆಡ್ಡುಗಳ ನಡುವೆ ಉಳಿದಿರುವುದೇ ನಾಲ್ಕಾರು ಹೊಂಗೆ, ಒಂದೆರಡು ಅರಳಿ. ಆದರೆ ಇಲ್ಲಿನ ಎಷ್ಟೋ ಮನೆಗಳಿಗೆ ಮಾಗಡಿ ರಸ್ತೆಯ ಇನ್ನೊಂದು ತುದಿಯಲ್ಲಿ ಅಜ್ಜ ಬಿಟ್ಟುಹೋದ ಅರ್ಧ ಎಕರೆ, ಒಂದು ಎಕರೆ ಜಮೀನು ಇರುತ್ತದೆ. ನಮ್ಮದೂ ಹಾಗೆಯೇ. ಅದರ ಬದುವಿನಲ್ಲಿ ಇಬ್ಬರು ತಬ್ಬಿಕೊಳ್ಳುವಷ್ಟು ದಪ್ಪದ ಮರ. ತೊಗಟೆ ಥೇಟ್ ಮೊಸಳೆಯ ಬೆನ್ನು.

ಮರ ನೋಡಲು ಬಂದ ವ್ಯಾಪಾರಿಯೊಬ್ಬ ‘ಇದು ಕೆಂಪು ಮಾಲು, ಸುಮ್ಮನೆ ನನಗೆ ಬಿಡಿ, ರಾತ್ರೋರಾತ್ರಿ ಎತ್ತಿಸ್ತೀನಿ’ ಎಂದ. ಇನ್ನೊಬ್ಬ ಬಂದು ‘ಏನೂ ಇಲ್ಲ ಸಾಮಿ, ಸೌದೆ. ಸೌದೆ ರೇಟು ಕೊಡ್ತೀನಿ’ ಎಂದ. ಬೋರ್‌ವೆಲ್ ಸಾಲ ತಲೆಯ ಮೇಲಿರುವ ಚಿಕ್ಕಪ್ಪನಿಗೆ ಎರಡು ಮಾತಿನ ನಡುವಿನ ಅಂತರವೇ ನಿದ್ದೆ ಕೆಡಿಸಿತು. ಒಂದು ನಿಜವಾದರೆ ಲಕ್ಷಗಳ ಜೊತೆಗೆ ಜೈಲಿನ ಭಯ. ಇನ್ನೊಂದು ನಿಜವಾದರೆ ಒಂದು ಕಂತೂ ತೀರದು.

ಅಜ್ಜಿ ಮಾತ್ರ ಜಗಲಿ ಮೇಲಿಂದಲೇ ತೀರ್ಪು ಕೊಟ್ಟರು. ‘ಅದು ಮತ್ತಿ ಮರ ಕಣಪ್ಪ. ನಮ್ಮತ್ತೆ ಕಾಲದಿಂದ ಮತ್ತಿ. ಸಿನಿಮಾ ನೋಡ್ಕಂಡು ಬಂದು ಹೆಸರು ಬದಲಾಯಿಸಿದ್ರೆ ಮರ ಬದಲಾಗ್ತದಾ?’ ಅಜ್ಜಿಯ ಮಾತನ್ನು ವ್ಯಾಪಾರಿ ಒಪ್ಪಬೇಕಲ್ಲ! ಆತ ಮಚ್ಚು ತೆಗೆದು ಒಂದು ಏಟು ಹಾಕಿ ಒಳಗಿನ ಬಣ್ಣ ತೋರಿಸುತ್ತೇನೆ ಎಂದು ಹೊರಟಿದ್ದ. ಅದನ್ನು ತಡೆದಿದ್ದು ಒಳ್ಳೆಯದಾಯಿತು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ. ಸುತ್ತಲೂ ಕೆತ್ತಿದರೆ ಎಂಥ ಮರವೂ ನಿಂತಲ್ಲೇ ಸಾಯುತ್ತದೆ. ಅಲ್ಲದೆ ಕೆಂಪು ಕಂಡರೆ ರಕ್ತಚಂದನ ಎನ್ನುವ ಪರೀಕ್ಷೆಯೇ ಅರ್ಧಂಬರ್ಧ. ನಮ್ಮ ಹೊನ್ನೆ ಮರಕ್ಕೆ ಏಟು ಬಿದ್ದರೆ ರಕ್ತದಂತೆ ಕೆಂಪು ಅಂಟು ಸುರಿಯುತ್ತದೆ. ಅದು ರಕ್ತಚಂದನದ ಹತ್ತಿರದ ಸಂಬಂಧಿ, ಆದರೆ ರಕ್ತಚಂದನವಲ್ಲ.

ಹಾಗಾದರೆ ತೊಗಟೆ ಏಕೆ ಹೀಗೆ ಬಿರಿಯುತ್ತದೆ? ‘ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್’ ಓದಿದವರಿಗೆ ಇದು ಖುಷಿ ಕೊಡುವ ಪ್ರಶ್ನೆ. ಮರ ದಪ್ಪವಾಗುವುದು ತೊಗಟೆಯ ಒಳಗಿರುವ ತೆಳುವಾದ ಜೀವಂತ ಪದರದಿಂದ. ಹೊರತೊಗಟೆ ಸತ್ತ ಜೀವಕೋಶಗಳ ಅಂಗಿ, ಅದು ಬೆಳೆಯುವುದಿಲ್ಲ. ಒಳಗಿನ ದೇಹ ವರ್ಷವರ್ಷ ದಪ್ಪವಾದರೆ ಅಂಗಿ ಹರಿಯಲೇಬೇಕು. ಕಾಂಡದ ಸುತ್ತಳತೆ ಹೆಚ್ಚುತ್ತದೆ, ಆದರೆ ಬಲಿತ ಕಾಂಡ ಉದ್ದಕ್ಕೆ ಹಿಗ್ಗುವುದಿಲ್ಲ. ಇವತ್ತು ಎದೆಯೆತ್ತರದಲ್ಲಿ ಹೊಡೆದ ಮೊಳೆ ಇಪ್ಪತ್ತು ವರ್ಷದ ಮೇಲೂ ಎದೆಯೆತ್ತರದಲ್ಲೇ ಇರುತ್ತದೆ. ಅದಕ್ಕೇ ಬಹುತೇಕ ಮರಗಳಲ್ಲಿ ದೊಡ್ಡ ಬಿರುಕುಗಳು ಮೇಲಿಂದ ಕೆಳಗೆ ಓಡುತ್ತವೆ. ಜೊತೆಗೆ ಅಡ್ಡ ಬಿರುಕುಗಳೂ ಮೂಡಿದರೆ ಕೆರೆಯ ಒಣಗಿದ ಕೆಸರಿನ ಹಾಗೆ ಚೌಕಗಳು. ಅದೇ ಮೊಸಳೆಯ ಚರ್ಮ.

ಎಲ್ಲ ಮರಗಳೂ ಈ ಒತ್ತಡವನ್ನು ಒಂದೇ ರೀತಿ ನಿಭಾಯಿಸುವುದಿಲ್ಲ. ಸೀಬೆ ಮರ ಹಳೆಯ ಅಂಗಿಯನ್ನು ಚಕ್ಕೆಚಕ್ಕೆಯಾಗಿ ಕಳಚಿ ಬಿಸಾಡಿ ನುಣ್ಣಗಿರುತ್ತದೆ. ಪಶ್ಚಿಮಘಟ್ಟದ ನಂದಿ ಮರವೂ ಹಾಗೆಯೇ, ಬೆತ್ತಲೆ ನಿಂತಂತೆ ಕಾಣುತ್ತದೆ. ಆಕಾಶಮಲ್ಲಿಗೆ ದಪ್ಪ ಬೆಂಡಿನಂಥ ತೊಗಟೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಬಿರಟೆ ಮರ ಎಂಬ ಹೆಸರು ಬಂದಿದ್ದೇ ಅದರಿಂದ. ಎಳೆಯ ಬೂರುಗದ ಮೈತುಂಬ ಶಂಕುವಿನಾಕಾರದ ಮುಳ್ಳು, ಮುದಿಯಾದಂತೆ ಬುಡದಲ್ಲಿ ಅವು ಸವೆದು ಹೋಗುತ್ತವೆ. ಹಾಗಾಗಿ ಒಂದೇ ಜಾತಿಯ ಎಳೆ ಮರ, ಮುದಿ ಮರ ಪಕ್ಕಪಕ್ಕ ನಿಂತರೆ ಅಪರಿಚಿತರಂತೆ ಕಾಣಬಹುದು. ತೊಗಟೆ ಸುಳಿವು ಕೊಡುತ್ತದೆ, ಸಾಕ್ಷಿ ಹೇಳುವುದಿಲ್ಲ.

ಹೊರನೋಟ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. ಹಾವೇರಿ ಜಿಲ್ಲೆಯ ಸವಣೂರಿನ ಮಠವೊಂದರ ಆವರಣದಲ್ಲಿ ಆನೆಯ ಚರ್ಮದಂಥ ತೊಗಟೆಯ ಮೂರು ದೈತ್ಯ ಮರಗಳಿವೆ. ಜನ ಕರೆಯುವುದು ‘ದೊಡ್ಡ ಹುಣಸೆ’ ಎಂದು. ಮಠಕ್ಕೂ ಅದೇ ಹೆಸರು. ಆದರೆ ಅದಕ್ಕೂ ಹುಣಸೆಗೂ ನೆಂಟಸ್ತಿಕೆ ಇಲ್ಲ; ಕಾಯಿಯೊಳಗಿನ ತಿರುಳಿನ ಹುಳಿ ಒಂದು ಬಿಟ್ಟರೆ. ಅದು ಆಫ್ರಿಕಾ ಮೂಲದ ಬಾವೊಬಾಬ್. ಹುಣಸೆಯ ಎಲೆ ಸಣ್ಣ ಸಣ್ಣ ಜೋಡಿ ಎಲೆಗಳ ಗರಿ. ಬಾವೊಬಾಬ್‌ನದು ಬಿಡಿಸಿದ ಅಂಗೈ. ಎಲೆ ನೋಡಿದ್ದರೆ ಗೊತ್ತಾಗುತ್ತಿತ್ತು ಎಂದು ನಾವು ಹೇಳಬಹುದು. ಆದರೆ ಜನ ಹೆಸರಿಟ್ಟಿದ್ದು ತಮ್ಮ ನಾಲಗೆಗೆ ಗೊತ್ತಿದ್ದ ರುಚಿಯಿಂದ. ಅದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. 2023ರ ಮಳೆಗಾಲದಲ್ಲಿ ಆ ಮೂರರಲ್ಲಿ ಒಂದು ಉರುಳಿಬಿದ್ದಾಗ ಅದನ್ನು ಎತ್ತಿ ಮತ್ತೆ ನೆಟ್ಟರು. ಹುಣಸೆ ಎನ್ನಲಿ, ಬಾವೊಬಾಬ್ ಎನ್ನಲಿ, ಊರಿಗೆ ಅದು ಬೇಕಾಗಿತ್ತು.

ನಮ್ಮ ಮರದ ವಿಷಯಕ್ಕೆ ಬರೋಣ. ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಮೊಬೈಲ್ ಆ್ಯಪ್. ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್ ಎರಡೂ ಉಚಿತ. ತೊಗಟೆಯ ಫೋಟೊ ಒಂದನ್ನೇ ಕೊಟ್ಟರೆ ಅವು ನಾಲ್ಕೈದು ಹೆಸರುಗಳನ್ನು ಮುಂದಿಟ್ಟು ಕೈತೊಳೆದುಕೊಳ್ಳುತ್ತವೆ. ಎಲೆಯ ಮೇಲ್ಭಾಗ, ಕೆಳಭಾಗ, ಕೊಂಬೆಗೆ ಎಲೆ ಅಂಟಿಕೊಂಡಿರುವ ಜಾಗ, ಹೂ, ಕಾಯಿ ಇವೆಲ್ಲ ಬೇಕು. ಫೆಬ್ರುವರಿಯಲ್ಲಿ ಹೋದರೆ ಎಲೆಯೇ ಇರದ ಮರಗಳಿವೆ. ಆಗ ಬುಡದಲ್ಲಿ ಬಿದ್ದ ತರಗೆಲೆ, ಒಣಕಾಯಿಗಳನ್ನು ಆರಿಸಬೇಕು. ಪಕ್ಕದ ಮರದ್ದು ಗಾಳಿಗೆ ಹಾರಿ ಬಂದಿರಬಹುದು ಎಂಬ ಎಚ್ಚರವೂ ಇರಬೇಕು.

ಅರಣ್ಯ ರಕ್ಷಕ ಹುದ್ದೆಗೆ ಓದುತ್ತಿರುವ ಗೆಳೆಯನೊಬ್ಬ ಹೇಳಿಕೊಟ್ಟ ಉಪಾಯ ಮಾತ್ರ ಯಾವ ಆ್ಯಪ್‌ಗಿಂತ ಕಡಿಮೆಯಿಲ್ಲ. ಕೈಯಲ್ಲಿರುವುದು ಪೂರ್ತಿ ಎಲೆಯೋ, ದೊಡ್ಡ ಎಲೆಯ ಒಂದು ತುಣುಕು ಮಾತ್ರವೋ ಎಂದು ತಿಳಿಯುವುದು ಹೇಗೆ? ತೊಟ್ಟಿನ ಬುಡ ನೋಡಿ. ಕಂಕುಳಲ್ಲಿ ಪುಟ್ಟ ಮೊಗ್ಗು ಇದ್ದರೆ ಅದು ಪೂರ್ತಿ ಎಲೆ. ಮೊಗ್ಗಿಲ್ಲದಿದ್ದರೆ ಅದು ಎಲೆಯ ಭಾಗ, ಕಿರುಎಲೆ. ಬೇವಿನ ಒಂದು ಕಡ್ಡಿ ಹಿಡಿದು ನೋಡಿ, ಚೆನ್ನಾಗಿ ಅರ್ಥವಾಗುತ್ತದೆ. ನಾವು ಎಲೆ ಎನ್ನುವುದೆಲ್ಲ ಅಲ್ಲಿ ಕಿರುಎಲೆ, ಇಡೀ ಗರಿಯೇ ಒಂದು ಎಲೆ.

ಈ ಒಂದು ಪರೀಕ್ಷೆಯಲ್ಲೇ ‘ಕೆಂಪು ಮಾಲು’ ಬಿದ್ದುಹೋಯಿತು. ರಕ್ತಚಂದನದ ಒಂದು ಎಲೆಯಲ್ಲಿ ಸಾಮಾನ್ಯವಾಗಿ ಮೂರು ಅಗಲವಾದ ಕಿರುಎಲೆ. ಹೊನ್ನೆಯಲ್ಲಿ ಐದರಿಂದ ಏಳು. ಎರಡರ ಕಾಯಿಯೂ ನಾಣ್ಯದಂತೆ ದುಂಡಗೆ, ಚಪ್ಪಟೆಯಾಗಿ, ನಡುವೆ ಉಬ್ಬಿದ ಬೀಜ, ಸುತ್ತ ಹಪ್ಪಳದಂಥ ರೆಕ್ಕೆ. ನಮ್ಮ ಮರದಲ್ಲಿ ಬಿಡಿ ಎಲೆಗಳು, ಎದುರುಬದುರಾಗಿ ಹುಟ್ಟಿದವು. ಎಲೆ ಮಗುಚಿದರೆ ಬುಡದ ಹತ್ತಿರ, ನಡುನರದ ಮೇಲೆ ಒಂದೆರಡು ಪುಟ್ಟ ಗ್ರಂಥಿಗಳು, ಗುಳ್ಳೆಯ ಹಾಗೆ. ಬುಡದಲ್ಲಿ ಬಿದ್ದಿದ್ದ ಕಾಯಿಗೆ ಐದು ಅಗಲ ರೆಕ್ಕೆ, ಕತ್ತರಿಸಿದ ಕಮರಾಕ್ಷಿ ಹಣ್ಣನ್ನು ಒಣಗಿಸಿದಂತೆ. ಇದು ಟರ್ಮಿನೇಲಿಯಾ ಕುಲದ ಗುರುತು. ಮಕ್ಕಳಿಗೆ ತೇದು ನೆಕ್ಕಿಸುವ ಅಳಲೆ, ತ್ರಿಫಲದ ತಾರೆ ಇದೇ ಮನೆತನದವು, ಆದರೆ ಅವುಗಳ ಕಾಯಿಗೆ ರೆಕ್ಕೆ ಇಲ್ಲ. ರೆಕ್ಕೆ ಇರುವ ಇನ್ನೊಬ್ಬ ಸೋದರ ಹೊಳೆಮತ್ತಿ, ಅಂದರೆ ಅರ್ಜುನ. ಆದರೆ ಅದರ ತೊಗಟೆ ಬೂದುಬಿಳುಪಾಗಿ ನುಣ್ಣಗೆ ಚಕ್ಕೆ ಕಳಚುತ್ತದೆ. ಮೊಸಳೆ ಬೆನ್ನು ಇರುವುದು ಕರಿಮತ್ತಿಗೆ. ಇಂಗ್ಲಿಷಿನಲ್ಲೂ ಅದನ್ನು ‘ಕ್ರೊಕೊಡೈಲ್ ಬಾರ್ಕ್’ ಎಂದೇ ಕರೆಯುತ್ತಾರೆ. ಎಲೆ ಮತ್ತು ಕಾಯಿ ಮನೆತನ ಹೇಳಿದ ಮೇಲೆ ತೊಗಟೆ ಮರದ ಹೆಸರು ಹೇಳಿತು.

ಅಜ್ಜಿ ಗೆದ್ದರು ಎಂದು ಬೇರೆ ಹೇಳಬೇಕಿಲ್ಲ.

ಖಚಿತಪಡಿಸಿಕೊಳ್ಳಲು ಬೆಂಗಳೂರಿನವರಿಗೆ ಇರುವ ಅನುಕೂಲ ಬೇರೆಯವರಿಗೆ ಕಡಿಮೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಣಗಿಸಿದ ಸಸ್ಯಗಳ ದೊಡ್ಡ ಸಂಗ್ರಹಾಲಯವಿದೆ. ಕರ್ನಾಟಕದ ಸಸ್ಯಗಳ ಮಾಹಿತಿ, ಚಿತ್ರಗಳನ್ನು ಅವರು ಅಂತರ್ಜಾಲದಲ್ಲೂ ಇಟ್ಟಿದ್ದಾರೆ. ಎಲೆಯೇ ಇಲ್ಲದ ದಿಮ್ಮಿ ಸಿಕ್ಕರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಅಲ್ಲಿ ಮರದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ರಂಧ್ರಗಳ ಜೋಡಣೆಯಿಂದಲೇ ಯಾವ ಮರ ಎಂದು ಹೇಳುತ್ತಾರೆ. ಇನ್ನು ಓದುವ ಅಭ್ಯಾಸ ಇರುವವರು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತೆರೆಯಲಿ. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಮೇಷ್ಟ್ರ ಪುಸ್ತಕ ಅದು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರ ಇಷ್ಟು ನಗಿಸಬಲ್ಲದು ಎಂದು ನಮ್ಮ ಹೈಸ್ಕೂಲಿನಲ್ಲಿ ಯಾರೂ ಹೇಳಿರಲಿಲ್ಲ.

ಹೆಸರು ತಿಳಿದ ಮೇಲೆ ಕಾನೂನೂ ಸ್ಪಷ್ಟವಾಯಿತು. ರಕ್ತಚಂದನ ಆಂಧ್ರದ ಶೇಷಾಚಲ ಬೆಟ್ಟಗಳ ಸುತ್ತಿನ ಮರ. ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಸೈಟಿಸ್ ಒಪ್ಪಂದದ ಕಡಿವಾಣವಿದೆ. ಸ್ವಂತ ಜಮೀನಿನಲ್ಲಿ ನೆಟ್ಟು ಬೆಳೆಸಿದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ‘ರಾತ್ರೋರಾತ್ರಿ ಎತ್ತಿಸ್ತೀನಿ’ ಎನ್ನುವವನು ಹಿಡಿದರೆ ಓಡಿಹೋಗುತ್ತಾನೆ. ಪಹಣಿಯಲ್ಲಿ ಹೆಸರಿರುವವರು ಎಲ್ಲಿಗೆ ಓಡುವುದು? ಹಾಗಂತ ಮತ್ತಿಯನ್ನು ಇಷ್ಟ ಬಂದಂತೆ ಕಡಿಯಬಹುದು ಎಂದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮದೇ ಜಮೀನಿನ ಮರಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ತೆಂಗು ಮುಂತಾದ ಕೆಲವಕ್ಕೆ ಮಾತ್ರ ವಿನಾಯಿತಿ. ಶ್ರೀಗಂಧದ ಕಥೆ ಇನ್ನೂ ಸ್ವಾರಸ್ಯ. ಟಿಪ್ಪು ಕಾಲದಿಂದ ಅದು ಸರ್ಕಾರದ ಸ್ವತ್ತು, ಯಾರ ಹಿತ್ತಲಲ್ಲಿ ಹುಟ್ಟಿದರೂ. 2001ರ ತಿದ್ದುಪಡಿಯ ನಂತರವೇ ಜಮೀನಿನ ಒಡೆಯ ಗಂಧದ ಮರಕ್ಕೂ ಒಡೆಯನಾದದ್ದು. ಅಲ್ಲಿಯತನಕ ಗಂಧದ ಸಸಿ ಕಂಡರೆ ಕಿತ್ತುಹಾಕುತ್ತಿದ್ದ ರೈತರ ಕಷ್ಟ ಅರ್ಥವಾಗುತ್ತದೆ.

ಮತ್ತಿ ‘ಬರೀ ಸೌದೆ’ ಎಂದ ಎರಡನೇ ವ್ಯಾಪಾರಿಯೂ ಪೂರ್ತಿ ನಿಜ ಹೇಳಲಿಲ್ಲ. ಮನೆಯ ತೊಲೆ, ಬಾಗಿಲಿನ ಚೌಕಟ್ಟಿಗೆ ಬಳಸುವ ಗಟ್ಟಿ ನಾಟಾ ಅದು. ‘ಇಂಡಿಯನ್ ಲಾರೆಲ್’ ಎಂಬ ಹೆಸರಲ್ಲಿ ಪೀಠೋಪಕರಣಕ್ಕೂ ಹೋಗುತ್ತದೆ. ಟಸರ್ ರೇಷ್ಮೆ ಹುಳು ತಿನ್ನುವುದು ಇದೇ ಮತ್ತಿಯ, ಅರ್ಜುನದ ಎಲೆ. ಹಿಪ್ಪುನೇರಳೆ ಬಿಟ್ಟು ಬೇರೆ ಎಲೆಯಿಂದಲೂ ರೇಷ್ಮೆ ಬರುತ್ತದೆ ಎಂದರೆ ರಾಮನಗರದ ಗೂಡಿನ ಮಾರುಕಟ್ಟೆ ನೋಡಿ ಬೆಳೆದ ನಮ್ಮ ಕಡೆಯವರು ಸುಲಭಕ್ಕೆ ನಂಬುವುದಿಲ್ಲ. ಇನ್ನೊಂದು ವಿಚಿತ್ರವೂ ಇದೆ. ಕೆಲವು ದೊಡ್ಡ ಮತ್ತಿ ಮರಗಳು ಕಾಂಡದೊಳಗೆ ನೀರು ಹಿಡಿದಿಟ್ಟುಕೊಳ್ಳುತ್ತವೆ. 2024ರ ಬೇಸಿಗೆಯಲ್ಲಿ ಆಂಧ್ರದ ಪಾಪಿಕೊಂಡ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಸಿಬ್ಬಂದಿ ಅಂಥ ಮರದ ಉಬ್ಬಿದ ಭಾಗಕ್ಕೆ ಕತ್ತಿ ತಾಗಿಸಿದಾಗ ನಲ್ಲಿಯಂತೆ ನೀರು ಚಿಮ್ಮಿದ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅಲ್ಲಿನ ಕೊಂಡರೆಡ್ಡಿ ಬುಡಕಟ್ಟಿನವರಿಗೆ ಅದು ಹೊಸತೇನೂ ಆಗಿರಲಿಲ್ಲ.

ಈ ವಿಡಿಯೊ ತೋರಿಸಿದ್ದರಿಂದ ನಮ್ಮ ಹುಡುಗರು ಮಚ್ಚು ಹಿಡಿದು ಹೊರಡದಂತೆ ನೋಡಿಕೊಳ್ಳುವ ಹೊಸ ಕೆಲಸ ಅಜ್ಜಿಗೆ ಬಂದಿದೆ. ಎಲ್ಲ ಮತ್ತಿಯಲ್ಲೂ ನೀರಿರುವುದಿಲ್ಲ, ನಮ್ಮದರಲ್ಲಿ ಅಂಥ ಉಬ್ಬು ಇಲ್ಲ.

ಚಿಕ್ಕಪ್ಪನ ಸಾಲ ಹಾಗೆಯೇ ಇದೆ. ಮರ ಮಾರಲೇಬೇಕಾದರೆ ಅನುಮತಿ ಪಡೆದು ನಾಟಾ ರೇಟಿಗೇ ಮಾರೋಣ ಎಂದು ಅಪ್ಪ, ಸದ್ಯಕ್ಕೆ ಬೇಡ ಎಂದು ಅಜ್ಜಿ. ಅರ್ಜಿಗೆ ಬೇಕಾದ ಪಹಣಿ ತೆಗೆಸಿಟ್ಟಿದ್ದೇವೆ, ಅರ್ಜಿ ಇನ್ನೂ ಕೊಟ್ಟಿಲ್ಲ. ಮೊದಲ ವ್ಯಾಪಾರಿ ಮತ್ತೆರಡು ಸಲ ಫೋನ್ ಮಾಡಿದ್ದ. ‘ಎಲೆ ಮೂರಿಲ್ಲ, ಒಂದೇ ಇದೆ’ ಎಂದು ಚಿಕ್ಕಪ್ಪ ಹೇಳಿದರಂತೆ. ಆಮೇಲೆ ಅವನ ಕರೆ ಬಂದಿಲ್ಲ.