ಅಪ್ಪನ ನೋಟ್‌ಬುಕ್ಕು, ಕಾರಿನ ಬ್ಯಾಟರಿ

ಮಾಕಳಿದುರ್ಗ ದಾಟಿ ಇನ್ನೇನು ಊರು ಬಂತು ಅನ್ನುವಾಗ ಕಾರು ನಿಂತಿತು. ಡ್ಯಾಶ್‌ಬೋರ್ಡಿನಲ್ಲಿ ಶೇ 24 ಚಾರ್ಜ್ ಇತ್ತು. ನೋಡನೋಡುತ್ತಿದ್ದಂತೆ ಅದು 6 ಆಯಿತು, ಆಮೇಲೆ ಆಮೆಯ ಚಿತ್ರ ಬಂತು, ಆಮೇಲೆ ಏನೂ ಇಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದಳು. ಬೆಂಗಳೂರಿನ ಆಸ್ಪತ್ರೆಗೆ ಚೆಕಪ್‌ಗೆ ಹೋಗಿ ಬರುತ್ತಿದ್ದೆವು. ಸಿಮೆಂಟ್ ಲಾರಿಗಳು ಒಂದರ ಹಿಂದೆ ಒಂದು ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹೋಗುತ್ತಿದ್ದವು. ಅಪ್ಪ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದರು. ಅದು ಕಳೆದ ಜುಲೈ ತಿಂಗಳು.

ಅಪ್ಪ ಪ್ರೈಮರಿ ಶಾಲೆಯ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಬಂದ ದುಡ್ಡಿನಲ್ಲಿ ಒಂದು ಪಾಲು ತಂಗಿಯ ಎಂಜಿನಿಯರಿಂಗ್‌ಗೆ ಎತ್ತಿಟ್ಟು, ಇನ್ನೊಂದು ಪಾಲಿನಲ್ಲಿ 2023ರಲ್ಲಿ ಈ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಕೊಂಡರು. 2020ರ ಡಿಸೆಂಬರ್‌ನಲ್ಲಿ ರಿಜಿಸ್ಟರ್ ಆದ ಗಾಡಿ, 30 ಕಿಲೋವಾಟ್ ಅವರ್ ಬ್ಯಾಟರಿ. ‘ಮಾಸ್ತರೇ, ಡೀಸೆಲ್ ಕಾರು ತಗೊಳ್ಳೋದು ಬಿಟ್ಟು ಮಿಕ್ಸಿ ತಗೊಂಡ್ರಲ್ಲ’ ಎಂದು ಸಂತೆಯಲ್ಲಿ ಛೇಡಿಸಿದವರಿದ್ದಾರೆ. ನಾನು ಬಿ.ಕಾಂ. ಮುಗಿಸಿ ಮೂರು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆ ಬರೆಯುತ್ತಿರುವವನು. ಮನೆಯಲ್ಲಿ ‘ಖಾಲಿ ಇರುವವನು’ ನಾನೊಬ್ಬನೇ ಆದ್ದರಿಂದ ಕಾರಿನ ಕೇಸು ನನ್ನ ಹೆಗಲಿಗೆ ಬಿತ್ತು.

ಸರ್ವಿಸ್ ಸೆಂಟರಿನಲ್ಲಿ ಹತ್ತು ನಿಮಿಷಕ್ಕೆ ತೀರ್ಪು ಬಂತು. ಬ್ಯಾಟರಿ ಹೋಗಿದೆ, ಐದು ಲಕ್ಷಕ್ಕೆ ಕಡಿಮೆ ಆಗಲ್ಲ, ನೀವು ಎರಡನೇ ಮಾಲೀಕರು, ವಾರಂಟಿ ಇಲ್ಲ. ‘ಇದನ್ನೇ ಬರೆದುಕೊಡಿ ಸಾರ್’ ಎಂದೆ. ಕೌಂಟರಿನ ಹುಡುಗ ನನಗಿಂತ ಚಿಕ್ಕವನು. ಒಳಗೆ ಹೋಗಿ ಬಂದು, ‘ಬರೆದುಕೊಡೋದೆಲ್ಲ ಇರಲ್ಲ’ ಎಂದ. ಆ ಒಂದು ಮಾತಿನಿಂದಲೇ ನನಗೆ ಅನುಮಾನ ಹುಟ್ಟಿದ್ದು. ಬಾಯಲ್ಲಿ ಇಷ್ಟು ಖಚಿತವಾಗಿ ಹೇಳಿದವರಿಗೆ ಕಾಗದದಲ್ಲಿ ಬರೆಯಲು ಏನು ಕಷ್ಟ?

ಐದು ಲಕ್ಷ ಎಂದರೆ ತಂಗಿಯ ಉಳಿದ ಎರಡು ವರ್ಷದ ಫೀಸು, ಹಾಸ್ಟೆಲ್ಲು ಎಲ್ಲ ಸೇರಿ ಹೆಚ್ಚುಕಮ್ಮಿ ಅಷ್ಟೇ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ತಂಗಿಯೇ ಫೋನಿನಲ್ಲಿ, ‘ಒಂದು ವರ್ಷ ಬ್ರೇಕ್ ತಗೊಳ್ಳಲಾ?’ ಎಂದು ಕೇಳಿದಳು. ಅಂದು ರಾತ್ರಿ ನಾನೊಂದು ಉಪಾಯ ಹೇಳಿದೆ. ಫುಲ್ ಚಾರ್ಜ್ ಮಾಡಿದರೆ ನೂರು ಕಿಲೋಮೀಟರ್ ಓಡುತ್ತಲ್ಲ, ಡೀಲರ್‌ಗೆ ತೋರಿಸಿ ಮಾರಿಬಿಡೋಣ ಎಂದು. ‘ಯಾವನೋ ಒಬ್ಬ ಅದೇ ರಸ್ತೇಲಿ ಅವನ ಹೆಂಡತಿ ಕೂರಿಸಿಕೊಂಡು ನಿಲ್ಲಲಿ ಅಂತೀಯಾ?’ ಎಂದರು ಅಪ್ಪ. ಮಾತು ಅಲ್ಲಿಗೆ ಮುಗಿಯಿತು.

ಉಳಿದಿದ್ದು ಕಾರಿನ ಡ್ಯಾಶ್‌ಬೋರ್ಡ್ ಗೂಡಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿದ್ದ ವಾರಂಟಿ ಪುಸ್ತಕ. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಮೂರು ರಾತ್ರಿ ಬೇಕಾಯಿತು. ನಾವು ‘ವಾರಂಟಿ’ ಎಂದು ಒಂದೇ ಉಸಿರಿನಲ್ಲಿ ಹೇಳುವುದು ಅಲ್ಲಿ ಮೂರಾಗಿತ್ತು. ಇಡೀ ಗಾಡಿಗೆ ಮೂರು ವರ್ಷ, ಅದು ಮುಗಿದಿತ್ತು. ಮೊದಲ ಮಾಲೀಕರು ದುಡ್ಡು ಕಟ್ಟಿ ಕೊಂಡಿದ್ದ ವಿಸ್ತರಿತ ವಾರಂಟಿ ಇನ್ನೆರಡು ವರ್ಷ, ಅಂದರೆ 2025ರ ಡಿಸೆಂಬರ್‌ವರೆಗೆ. ಬ್ಯಾಟರಿಗೆ ಬೇರೆಯೇ ವಾರಂಟಿ: ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ನಮ್ಮದು ಓಡಿದ್ದು 63 ಸಾವಿರ. ಬ್ಯಾಟರಿಯ ವಾರಂಟಿ ಗಾಡಿಯ ಜೊತೆಗೇ ಹೋಗುತ್ತದೆ, ಮಾಲೀಕ ಬದಲಾದರೂ ಸರಿ ಎಂದಿತ್ತು. ವಿಸ್ತರಿತ ವಾರಂಟಿಯನ್ನು ಮಾತ್ರ ಅರ್ಜಿ, ಆರ್‌ಸಿ ನಕಲು, ಶುಲ್ಕ ಕೊಟ್ಟು ಹೆಸರಿಗೆ ಬದಲಿಸಿಕೊಳ್ಳಬೇಕು. ನಾವು ಬದಲಿಸಿರಲಿಲ್ಲ. ತಪ್ಪು ನಮ್ಮದೇ. ಆದರೆ ಇಷ್ಟು ದಿನದೊಳಗೆ ಎಂಬ ಗಡುವು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಪುಸ್ತಕ ಹಿಡಿದುಕೊಂಡು ಮತ್ತೆ ಹೋದೆ. ಈ ಸಲ ಮಾತು ಬದಲಾಯಿತು. ಸೆಲ್‌ಗಳು ಸರಿ ಇವೆ, ಹೋಗಿರುವುದು ಬ್ಯಾಟರಿಯಿಂದ ಮೋಟಾರಿಗೆ ಕರೆಂಟ್ ಬಿಡುವ ರಿಲೇ ಬಾಕ್ಸು, ಅದು ವಿಸ್ತರಿತ ವಾರಂಟಿಗೆ ಸೇರಿದ್ದು, ಅದು ನಿಮ್ಮ ಹೆಸರಲ್ಲಿಲ್ಲ ಎಂದರು. ಎರಡು ವಾರಂಟಿಗಳ ನಡುವಿನ ಸಂದಿಯಲ್ಲಿ ನಮ್ಮ ಕಾರು ಬಿದ್ದಿತ್ತು.

ಇಲ್ಲಿ ಅಪ್ಪನ ನೋಟ್‌ಬುಕ್ಕಿನ ಬಗ್ಗೆ ಹೇಳಬೇಕು. ಮೂವತ್ತು ವರ್ಷ ಹಾಜರಿ ಬರೆದ ಕೈ ಸುಮ್ಮನಿರಲಿಲ್ಲ. ಕಾರು ಬಂದ ದಿನದಿಂದ ನೂರು ಪುಟದ ರೂಲ್ಡ್ ಪುಸ್ತಕದಲ್ಲಿ ತಾರೀಖು, ಹೊರಟಾಗ ಎಷ್ಟು ಪರ್ಸೆಂಟ್, ಬಂದಾಗ ಎಷ್ಟು, ಎಷ್ಟು ಕಿಲೋಮೀಟರ್ ಎಲ್ಲ ಬರೆದಿಟ್ಟಿದ್ದರು. ನಾವು ನಗುತ್ತಿದ್ದೆವು. ಈಗ ಅದನ್ನು ಎಕ್ಸೆಲ್‌ಗೆ ಹಾಕಿದೆ. 2023ರಲ್ಲಿ ಒಂದು ಪರ್ಸೆಂಟಿಗೆ ಸುಮಾರು ಎರಡು ಕಿಲೋಮೀಟರ್ ಓಡುತ್ತಿದ್ದ ಗಾಡಿ 2025ರ ಬೇಸಿಗೆಗೆ ಒಂದೂಕಾಲಿಗೆ ಇಳಿದಿತ್ತು. ರಿಲೇ ಬಾಕ್ಸು ಕೆಟ್ಟರೆ ಗಾಡಿ ನಿಲ್ಲುತ್ತದೆ, ಎರಡು ವರ್ಷ ಹಿಡಿದು ಸೊರಗುವುದಿಲ್ಲ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಿದೆ. ಬಿ.ಕಾಂ. ಲೆಕ್ಕಕ್ಕೆ ಅಷ್ಟು ಸಾಕು. ಶೇ 10ರಿಂದ 100ಕ್ಕೆ ಏರಿಸಲು 30ರಲ್ಲಿ 27 ಯೂನಿಟ್ ಒಳಗೆ ಹೋಗಬೇಕು. ಚಾರ್ಜ್ ಆಗುವಾಗ ಬಿಸಿಯಾಗಿ ಹೋಗುವ ಹತ್ತನೇ ಒಂದು ಪಾಲು ಸೇರಿಸಿದರೆ ಮನೆಯ ಮೀಟರ್ ಸುಮಾರು 30 ಯೂನಿಟ್ ತೋರಿಸಬೇಕು. ಫ್ರಿಜ್, ಪಂಪು ಎಲ್ಲ ಆಫ್ ಮಾಡಿ, ಮೀಟರಿನ ಮುಂದೆ ಮೊಬೈಲ್ ಹಿಡಿದು ಫೋಟೊ ತೆಗೆದೆ. ಬಂದಿದ್ದು 20. ಮರುವಾರ ಮತ್ತೆ ಮಾಡಿದೆ, ಮತ್ತೆ 20. ಅಂದರೆ ಬ್ಯಾಟರಿ ಹಿಡಿಯುತ್ತಿದ್ದದ್ದು ಮೂರನೇ ಎರಡು ಪಾಲು ಮಾತ್ರ. ಡ್ಯಾಶ್‌ಬೋರ್ಡಿನ ಪರ್ಸೆಂಟ್ ತಾನೇ ಒಂದು ಅಂದಾಜು, ಹಾಗಾಗಿ ಇದು ಲ್ಯಾಬ್ ರಿಪೋರ್ಟ್ ಅಲ್ಲ. ಆದರೆ ಪ್ರಶ್ನೆ ಕೇಳಲು ಧಾರಾಳ ಸಾಕು.

ಹಾಗಾದರೆ ಶೇ 24 ಇದ್ದದ್ದು ಒಮ್ಮೆಲೇ 6 ಆಗಿದ್ದೇಕೆ? ನಮ್ಮ ಊರಿನ ಹೆಸರಲ್ಲೇ ಬಾವಿ ಇದೆಯಲ್ಲ, ಅದೇ ಉದಾಹರಣೆ ಕೊಡುತ್ತೇನೆ. ಬಾವಿಯಿಂದ ತೊಟ್ಟಿಯವರೆಗೆ ನೂರು ಜನ ಸಾಲಾಗಿ ನಿಂತು ಕೊಡ ದಾಟಿಸುತ್ತಿದ್ದಾರೆ ಎಂದುಕೊಳ್ಳಿ. ತೊಂಬತ್ತೊಂಬತ್ತು ಜನ ಗಟ್ಟಿ ಇದ್ದು ಒಬ್ಬ ಸುಸ್ತಾದರೆ ಇಡೀ ಸಾಲು ನಿಲ್ಲುತ್ತದೆ. ಕಾರಿನ ಬ್ಯಾಟರಿಯಲ್ಲೂ ಸೆಲ್‌ಗಳು ಹೀಗೇ ಸರಣಿಯಾಗಿ ನಿಂತಿರುತ್ತವೆ. ಒಂದು ಸೆಲ್‌ನ ವೋಲ್ಟೇಜ್ ಮಿತಿಗಿಂತ ಕೆಳಗಿಳಿದರೆ ಕಾವಲಿಗಿರುವ ಎಲೆಕ್ಟ್ರಾನಿಕ್ ವ್ಯವಸ್ಥೆ ಎಲ್ಲವನ್ನೂ ನಿಲ್ಲಿಸುತ್ತದೆ. ನಮ್ಮ ಕಾರಿನದು ಲಿಥಿಯಂ ಐರನ್ ಫಾಸ್ಫೇಟ್ ಬಗೆ. ಇದರಲ್ಲಿ ಚಾರ್ಜ್ ಅರ್ಧ ಇಳಿದರೂ ವೋಲ್ಟೇಜ್ ಹೆಚ್ಚು ಬದಲಾಗದ ಕಾರಣ ಎಷ್ಟು ಉಳಿದಿದೆ ಎಂದು ಕಂಪ್ಯೂಟರಿಗೇ ಗೊಂದಲ. ಆಗಾಗ ಪೂರ್ತಿ 100ಕ್ಕೆ ಚಾರ್ಜ್ ಮಾಡಿ ಎನ್ನುವುದು ಅದಕ್ಕೇ. ಶೇ 80ಕ್ಕೆ ನಿಲ್ಲಿಸಿದರೆ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ಕೇಳಿ ನಾವು ತಿಂಗಳುಗಟ್ಟಲೆ ಹಾಗೇ ಮಾಡಿದ್ದೆವು.

ಹುಡುಕುತ್ತಾ ಹೋದಾಗ ಸಿಕ್ಕ ಇನ್ನೊಂದು ಸಂಗತಿ. ಈ ತಲೆನೋವು ಕರ್ನಾಟಕಕ್ಕೆ ಹೊಸದಲ್ಲ. 2001ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೇವಾ ಕಾರು ನಮ್ಮಲ್ಲಿ ಅನೇಕರು ಹುಟ್ಟುವ ಮೊದಲೇ ರಸ್ತೆಗಿಳಿದಿತ್ತು. ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್‌ನಲ್ಲೂ ಓಡಿತು. ಅದರಲ್ಲಿ ಇದ್ದದ್ದು ಎಂಟು ಲೆಡ್ ಆಸಿಡ್ ಬ್ಯಾಟರಿ. ಮನೆಯ ಯುಪಿಎಸ್‌ಗೆ ಹಾಕುವಂತೆ ಅದಕ್ಕೂ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಕೆಲವೇ ವರ್ಷಕ್ಕೆ ಇಡೀ ಸೆಟ್ ಬದಲಿಸಬೇಕು. 2010ರಲ್ಲಿ ಆ ಕಂಪನಿ ಮಹೀಂದ್ರಾ ಕೈಗೆ ಹೋಯಿತು. ಆ ಕಾಲದ ಮಾಲೀಕರು ಬ್ಯಾಟರಿ ಬದಲಿಸುವುದನ್ನು ಟಯರ್ ಬದಲಿಸಿದಷ್ಟೇ ಸಹಜ ಖರ್ಚು ಎಂದುಕೊಂಡಿರಬೇಕು. ಎಂಟು ವರ್ಷದ ಭರವಸೆ ಕೊಟ್ಟು ಮಾರುವ ಕಾಲ ಬಂದಿದ್ದು ಲಿಥಿಯಂ ಬಂದ ಮೇಲೆ.

ಮತ್ತೆ ನಮ್ಮ ಕಥೆಗೆ. ಶುಲ್ಕ ಕಟ್ಟಿ ವಿಸ್ತರಿತ ವಾರಂಟಿಯನ್ನು ಅಪ್ಪನ ಹೆಸರಿಗೆ ಮಾಡಿಸಿದೆ. ನೋಟ್‌ಬುಕ್ಕಿನ ಪುಟಗಳು, ಮೀಟರ್ ಫೋಟೊ, ಎಲ್ಲ ಸರ್ವಿಸ್ ಬಿಲ್ಲು, ಎಲೆಕ್ಟ್ರಿಷಿಯನ್ ಬರೆದುಕೊಟ್ಟ ಅರ್ಥಿಂಗ್ ಚೀಟಿ ಸೇರಿಸಿ ಕಂಪನಿಯ ಗ್ರಾಹಕ ವಿಭಾಗಕ್ಕೆ ಇ-ಮೇಲ್ ಹಾಕಿದೆ. ಬೈಗುಳ ಇಲ್ಲ, ಎರಡೇ ಪ್ರಶ್ನೆ: ಬ್ಯಾಟರಿಯ ಆರೋಗ್ಯ ಶೇಕಡಾ ಎಷ್ಟು? ತಿರಸ್ಕರಿಸುವುದಾದರೆ ಯಾವ ನಿಯಮದಡಿ? ಹನ್ನೆರಡು ದಿನ ಉತ್ತರವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಖರ್ಚು ಏನೂ ಇಲ್ಲ. ಅದೂ ಆಗದಿದ್ದರೆ ಚಿಕ್ಕಬಳ್ಳಾಪುರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದೆಂದು ತಯಾರಾಗಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅಂಗಡಿ ಎಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಕೊಡಬೇಕು. ಪರೀಕ್ಷೆಗೆಂದು ಉರುಹೊಡೆದಿದ್ದ ಕಾಯ್ದೆ ಅದು. ಆಯೋಗದವರೆಗೆ ಹೋಗುವ ಪ್ರಮೇಯ ಬರಲಿಲ್ಲ. ನಾಲ್ಕನೇ ದಿನ ಕಂಪನಿಯಿಂದಲೇ ಫೋನ್ ಬಂತು.

ಲ್ಯಾಪ್‌ಟಾಪ್ ಹಿಡಿದು ಬಂದ ಎಂಜಿನಿಯರ್ ಒಂದಿಡೀ ದಿನ ಗಾಡಿಯನ್ನು ಖಾಲಿ ಮಾಡಿ, ತುಂಬಿ ಪರೀಕ್ಷಿಸಿದರು. ಒಂದು ಮಾಡ್ಯೂಲ್‌ನ ಸೆಲ್‌ಗಳು ಉಳಿದವುಗಳಿಗಿಂತ ಬಹಳ ಕೆಳಗಿದ್ದವು. ರಿಲೇ ಬಾಕ್ಸಿನ ದೋಷವೂ ನಿಜವೇ. ಅವರು ಸುಳ್ಳು ಹೇಳಿರಲಿಲ್ಲ, ಅರ್ಧ ಮಾತ್ರ ಹೇಳಿದ್ದರು. ರಿಲೇ ಬಾಕ್ಸು ವಿಸ್ತರಿತ ವಾರಂಟಿಯಲ್ಲಿ, ಇಡೀ ಬ್ಯಾಟರಿ ಪ್ಯಾಕ್ ಬ್ಯಾಟರಿ ವಾರಂಟಿಯಲ್ಲಿ ಮಂಜೂರಾಯಿತು. ಅಪ್ಪನ ನೋಟ್‌ಬುಕ್ ತಿರುವಿ ನೋಡಿದ ಆ ಎಂಜಿನಿಯರ್, ‘ಸಾರ್, ಇಷ್ಟು ಡೇಟಾ ನಮ್ಮ ಹತ್ರಾನೂ ಇಲ್ಲ’ ಎಂದರು. ಅಪ್ಪ ಅದನ್ನು ಊರಿನಲ್ಲಿ ಹತ್ತು ಜನಕ್ಕಾದರೂ ಹೇಳಿದ್ದಾರೆ.

ನಿಂತ ದಿನದಿಂದ ಲೆಕ್ಕ ಹಾಕಿದರೆ 47ನೇ ದಿನ ಕಾರು ಕೈಗೆ ಬಂತು. ಸಹಿ ಹಾಕುವ ಮೊದಲು ಎರಡು ವಿಷಯ ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡೆ. ಹಾಕಿರುವ ಪ್ಯಾಕ್ ಹೊಸದೋ, ರಿಪೇರಿ ಮಾಡಿದ್ದೋ ಎಂಬುದು ಮತ್ತು ಅದರ ಸೀರಿಯಲ್ ನಂಬರ್. ಹೊಸ ಬ್ಯಾಟರಿ ಬಂತೆಂದು ಎಂಟು ವರ್ಷ ಮತ್ತೆ ಶುರುವಾಗುವುದಿಲ್ಲ. ನಮ್ಮದು 2028ರ ಡಿಸೆಂಬರ್‌ಗೇ ಮುಗಿಯುತ್ತದೆ. ಹಳೆಯದನ್ನು ಅವರೇ ಒಯ್ದರು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಡಿ ಅದರ ಮರುಬಳಕೆ ತಯಾರಕರ ಜವಾಬ್ದಾರಿ.

ತಂಗಿಯ ಫೀಸು ಆಗಸ್ಟ್ ಕೊನೆಯ ವಾರ ಕಟ್ಟಿದೆವು, ಐನೂರು ರೂಪಾಯಿ ದಂಡದ ಸಮೇತ. ಆ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೋಗಿ ಬಂದೆವು. ಮಾಕಳಿದುರ್ಗದ ಬಳಿ ಅದೇ ಜಾಗ ಬಂದಾಗ ಮೂವರೂ ಮಾತು ನಿಲ್ಲಿಸಿದೆವು. ಶೇ 41 ತೋರಿಸುತ್ತಿತ್ತು. ಮನೆ ಮುಂದೆ ನಿಲ್ಲಿಸಿದಾಗ ಶೇ 33. ಇಳಿಯುವ ಮೊದಲೇ ಅಪ್ಪ ಹೊಸ ನೋಟ್‌ಬುಕ್ಕು ತೆಗೆದು, ಮೊದಲ ಪುಟದಲ್ಲಿ ಅಡ್ಡಗೆರೆ ಎಳೆಯತೊಡಗಿದರು.