ಅಮೆರಿಕದ ಕಾವಲುಗಳಲ್ಲಿ ಸ್ತ್ರೀಯರ ಗೋಪಾಲನಶಿಕ್ಷಣ

ವಿದ್ಯೆಗಳಲ್ಲಿ ಕೆಲವು ಗ್ರಂಥಪಠನದಿಂದ ತಿಳಿಯತಕ್ಕವು. ಕೆಲವು ಕೈಯಿಂದ ಮಾಡಿ ತಿಳಿಯತಕ್ಕವು. ಗೋಪಾಲನವು ಎರಡನೆಯ ವರ್ಗಕ್ಕೆ ಸೇರಿದುದು. ಅಮೆರಿಕದ ಪಶ್ಚಿಮ ಸಂಸ್ಥಾನಗಳಲ್ಲಿ 'ರಾಂಚ್' ಎಂದು ಕರೆಯಿಸಿಕೊಳ್ಳುವ ವಿಸ್ತಾರವಾದ ಗೋಚರಭೂಮಿಗಳುಂಟು. ಇದಕ್ಕೆ ಹೊಸ ಶಬ್ದವನ್ನು ಕಟ್ಟುವ ಅಗತ್ಯವಿಲ್ಲ; ಅಮೃತಮಹಲ್ ದನಗಳಿಗಾಗಿ ಬಿಟ್ಟ ಭೂಮಿಗೆ ನಮ್ಮಲ್ಲಿ 'ಕಾವಲು' ಎಂಬ ಹೆಸರು ರೂಢಿಯಲ್ಲಿಯೇ ಇದೆ. ಆ ಕಾವಲುಗಳಲ್ಲಿ ಸ್ತ್ರೀಯರಿಗೆ ದನಗಳ ನಿರ್ವಹಣವನ್ನು ಪ್ರತ್ಯಕ್ಷವಾಗಿ ಕಲಿಸುವ ಶಿಬಿರಗಳು ಈಚೆಗೆ ನಡೆಯುತ್ತಿವೆ. ಅಲ್ಲಿ ಕಲಿಸುವುದೇನು, ಪ್ರತ್ಯೇಕ ಶಿಕ್ಷಣವು ಏಕೆ ಬೇಕಾಯಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಅಲ್ಲಿಯ ಗೋಪಾಲನವು ಬಹುಮಟ್ಟಿಗೆ ಮಾಂಸಾರ್ಥವಾದುದು. ಇದು ವಾಚಕರಲ್ಲಿ ಕೆಲವರಿಗೆ ರುಚಿಸಲಾರದು. ವಿದ್ಯೆಯನ್ನು ವಿದ್ಯೆಯೆಂದೇ ನೋಡಬೇಕೆಂಬುದು ನನ್ನ ಮತ.

'ದುಹಿತೃ' ಶಬ್ದಕ್ಕೆ ಯಾಸ್ಕನು ಕೊಡುವ ನಿರ್ವಚನಗಳಲ್ಲಿ ದುಹ್ ಧಾತುವಿನಿಂದ ಸಾಧಿಸುವುದೂ ಒಂದೆಂಬುದು ವಿದ್ವಾಂಸರಿಗೆ ವಿದಿತವೇ. ಹಾಲು ಕರೆಯುವುದು ಮಗಳ ಪಾಲಿಗೆ. ಮೇಯಿಸುವುದು, ಹೋರಿಯನ್ನು ಹಿಡಿಯುವುದು ಗಂಡಸಿನ ಪಾಲಿಗೆ. ಇಂತಹ ವಿಭಾಗವು ಅಮೆರಿಕದಲ್ಲಿಯೂ ಬೇರೂರಿತ್ತು. 1862ರ ಹೋಮ್‌ಸ್ಟೆಡ್ ಶಾಸನವು ಅವಿವಾಹಿತೆಯರಿಗೂ ವಿಧವೆಯರಿಗೂ ಭೂಮಿಯ ಹಕ್ಕನ್ನು ಕೊಟ್ಟಿತಾದರೂ, 1914ರ ಸ್ಮಿತ್–ಲೀವರ್ ಶಾಸನದಂತೆ ಹಳ್ಳಿಗಳಿಗೆ ಬಂದ ಕೃಷಿಬೋಧಕರು ಬೆಳೆ ಮತ್ತು ದನಗಳ ವಿದ್ಯೆಯನ್ನು ಗಂಡಸರಿಗೂ, ಹೊಲಿಗೆ ಹಾಗೂ ಹಣ್ಣು ತರಕಾರಿಗಳ ಸಂರಕ್ಷಣೆಯನ್ನು ಹೆಂಗಸರಿಗೂ ಹಂಚಿದರು. ಭೂಮಿ ಸಿಕ್ಕಿತು, ವಿದ್ಯೆ ಸಿಕ್ಕಲಿಲ್ಲ.

ಇದಕ್ಕೆ ಅಪವಾದಗಳಿಲ್ಲದೆ ಇಲ್ಲ. ಟೆಕ್ಸಸ್ ಪ್ರಾಂತದ ಲಿಜ್ಜೀ ಜಾನ್ಸನ್ ಎಂಬಾಕೆ (1840–1924) ಉಪಾಧ್ಯಾಯಿನಿ; ದನಗಳ ವ್ಯಾಪಾರಿಗಳಿಗೆ ಲೆಕ್ಕ ಬರೆದುಕೊಡುತ್ತ ಆ ವ್ಯಾಪಾರದ ಮರ್ಮವನ್ನು ಅರಿತು, 1871ರಲ್ಲಿ ತನ್ನದೇ ಆದ ಮುದ್ರೆಯನ್ನು ದಾಖಲೆ ಮಾಡಿಸಿದಳು. ಈ ಪತ್ರಿಕೆಯನ್ನು ಓದುವ ಉಪಾಧ್ಯಾಯರು ಈ ಹೆಸರನ್ನು ನೆನಪಿನಲ್ಲಿಡಬಹುದು. 2003ರಲ್ಲಿ ಇಲಿನಾಯ್ ಪ್ರಾಂತದಲ್ಲಿ ಆರಂಭವಾದ 'ಆ್ಯನೀಸ್ ಪ್ರಾಜೆಕ್ಟ್' ಎಂಬ ಸ್ತ್ರೀಶಿಕ್ಷಣವೂ ಮುಖ್ಯವಾಗಿ ಲೆಕ್ಕಪತ್ರ, ಆಸ್ತಿವ್ಯವಹಾರಗಳದೇ. 2017ರ ಕೃಷಿಗಣತಿಯಲ್ಲಿ ಆ ದೇಶದ ಕೃಷಿಕರಲ್ಲಿ ಶೇಕಡ 36 ಮಂದಿ ಸ್ತ್ರೀಯರೆಂದು ತಿಳಿದುಬಂದಿತು. 2012ಕ್ಕಿಂತ ಅವರ ಸಂಖ್ಯೆ ಶೇಕಡ 27 ಹೆಚ್ಚು. ಒಂದೊಂದು ಹಿಡುವಳಿಗೂ ನಾಲ್ವರವರೆಗೆ ವಿವರ ಬರೆಯಲು ಅವಕಾಶ ಕೊಟ್ಟುದೂ ಇದಕ್ಕೆ ಒಂದು ಕಾರಣ. ಇದ್ದವರು ಲೆಕ್ಕಕ್ಕೆ ಬಂದರು ಎನ್ನುವುದು ಹೆಚ್ಚು ಸರಿ.

ಇನ್ನು ಶಿಕ್ಷಣದ ತಿರುಳು. ದನವನ್ನು ನಡೆಯಿಸುವುದು ತೋಳ್ಬಲದ ಕಾರ್ಯವಲ್ಲ, ನಿಲ್ಲುವ ಸ್ಥಾನದ ಕಾರ್ಯ ಎಂಬುದೇ ಮೊದಲ ಪಾಠ. ಗೋವಿನ ಕಣ್ಣುಗಳು ಪಾರ್ಶ್ವಗಳಲ್ಲಿರುವುದರಿಂದ ಅದು ಸುತ್ತಲನ್ನೂ ಬಹುಪಾಲು ಕಾಣುವುದು. ನೇರ ಬೆನ್ನ ಹಿಂದೆ ಮಾತ್ರ ಕುರುಡು. ಅಲ್ಲಿ ನಿಂತವನನ್ನು ಅದು ಒದೆಯುವುದು, ಇಲ್ಲವೆ ತಿರುಗಿ ನೋಡುವುದು. ಅದರ ಸುತ್ತ ಅಗೋಚರವಾದ ಒಂದು ಮೇರೆಯುಂಟು. ಅದನ್ನು ದಾಟಿದರೆ ಹಸು ಸರಿಯುವುದು, ಹಿಂದೆಗೆದರೆ ನಿಲ್ಲುವುದು. ಇದನ್ನು 'ಪಲಾಯನವಲಯ'ವೆಂದು ಭಾಷಾಂತರಿಸುವುದು ನನಗೆ ಒಪ್ಪಿಗೆಯಿಲ್ಲ; ಹಸು ಓಡದಂತೆ ನಡೆಯಿಸುವುದೇ ಈ ವಿದ್ಯೆಯ ಗುರಿಯಷ್ಟೆ. 'ಬೆದರುಗೆರೆ' ಎಂದರೆ ಸಾಕು. ಹೆಗಲಿನ ಬಳಿ ಮತ್ತೊಂದು ಸಂಧಿಸ್ಥಾನ: ಅದರ ಹಿಂದೆ ಸರಿದರೆ ಹಸು ಮುಂದೆ ನಡೆಯುವುದು, ಮುಂದೆ ಬಂದರೆ ಹಿಮ್ಮೆಟ್ಟುವುದು. ಕೂಗಾಗಲಿ ಕೋಲಾಗಲಿ ಬೇಡ.

ಈ ವಿಷಯವನ್ನು ಲೋಕಕ್ಕೆ ವಿಶದಪಡಿಸಿದವರಲ್ಲಿ ಪ್ರಮುಖಳು ಟೆಂಪಲ್ ಗ್ರ್ಯಾಂಡಿನ್ (ಜನನ 1947). ಈಕೆ ಅರಿಜೋನದಲ್ಲಿ ದನಗಳು ಹೋಗುವ ಇಕ್ಕಟ್ಟಾದ ಓಣಿಗಳೊಳಗೆ ತಾನೇ ಹೊಕ್ಕು, ದನದ ಕಣ್ಣಿನ ಎತ್ತರದಿಂದ ನೋಡಿದಳು. ತೂಗುವ ಸರಪಳಿ, ನೆಲದ ಮೇಲೆ ಬಿದ್ದ ನೆರಳು, ಬೇಲಿಗೆ ಹಾಕಿದ ಅಂಗಿ—ಇವೇ ದನಗಳು ತಡೆದು ನಿಲ್ಲಲು ಕಾರಣವೆಂದು ತೋರಿಸಿದಳು. ದನ ಮೊಂಡಲ್ಲ, ನಾವು ಕಾಣದುದನ್ನು ಅದು ಕಂಡಿತು, ಅಷ್ಟೆ. ಅಮೆರಿಕದ ದಕ್ಷಿಣಭಾಗದ 'ಬ್ರಾಹ್ಮನ್' ಜಾತಿಯ ದನಗಳು ಒರಟುತನಕ್ಕೆ ಬೇಗ ಕೆರಳುವುವು. ಈ ಜಾತಿಯು ಗಿರ್, ಗುಜರಾತ್, ನೆಲ್ಲೂರು ತಳಿಗಳೊಂದಿಗೆ ನಮ್ಮ ಕೃಷ್ಣಾತೀರದ ತಳಿಯಿಂದಲೂ ಬೆಳೆದುದೆಂಬುದು ಗಮನಾರ್ಹ.

ಮೈಕಟ್ಟನ್ನು ಒಂದರಿಂದ ಒಂಬತ್ತರವರೆಗೆ ಅಳೆಯುವುದು, ಕತ್ತಿನ ಚರ್ಮವನ್ನೆತ್ತಿ ಔಷಧ ಚುಚ್ಚುವುದು ಮೊದಲಾದುವನ್ನು ಒಂದೆರಡು ದಿನಗಳಲ್ಲಿ ಕಲಿಯಬಹುದು. ಪ್ರಸವದ ಪಾಠವು ಹಾಗಲ್ಲ. ಮುಂಗಾಲೆರಡರ ಮೇಲೆ ಮೂತಿಯಿಟ್ಟು ಬರುವುದು ಕರುವಿನ ಸಹಜ ರೀತಿ. ಗೊರಸಿನ ಅಡಿಯು ಮೇಲ್ಮುಖವಾಗಿ ಕಂಡರೆ ಬಹುಶಃ ಹಿಂಗಾಲುಗಳು. ಕೈಯಿಟ್ಟು ಗಂಟುಗಳನ್ನು ತಡವಿ ನಿಶ್ಚಯಿಸಬೇಕು. ಹಾಗೆ ಬರುವ ಕರುವಿನ ಸೊಂಟವು ಹೊರಬಂದ ಮೇಲೆ ತಡಮಾಡಲಾಗದು. ಹೊಕ್ಕುಳುಬಳ್ಳಿಯು ಅದುಮಿಹೋಗಿ, ತಲೆ ಇನ್ನೂ ಒಳಗಿರುವಾಗಲೇ ಉಸಿರು ಕಟ್ಟುವುದು. ಎಳೆಯುವುದಾದರೂ ತಾಯಿ ತಿಣುಕಿದಾಗ ಮಾತ್ರ.

ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಇಂತಹದೇ ಒಂದು ಪ್ರಸವವಾಯಿತು. ಗಂಡಸರು ನಾಲ್ವರು ಹಗ್ಗ ಹಿಡಿದಿದ್ದರು. ಗೊರಸು ಮೇಲಾಗಿದೆ, ಅವು ಹಿಂಗಾಲುಗಳು, ಅರ್ಧಕ್ಕೆ ನಿಲ್ಲಿಸಬೇಡಿರೆಂದು ನನ್ನ ಸೋದರತ್ತೆಯು ಬಾಗಿಲ ಮರೆಯಿಂದ ಹೇಳಿದಳು. ಯಾರೂ ತಿರುಗಿ ನೋಡಲಿಲ್ಲ. ಅವರು ದಣಿವಾರಿಸಿಕೊಂಡು ಮತ್ತೆ ಎಳೆಯುವ ವೇಳೆಗೆ ಕರು ಸತ್ತಿತ್ತು. ಆಕೆ ಅದನ್ನು ಎಲ್ಲಿ ಕಲಿತಳೆಂದು ಕೇಳಲು ನನಗೆ ಆಗ ತೋಚಲಿಲ್ಲ. ತೋಚಿದಾಗ ಆಕೆ ಇರಲಿಲ್ಲ.